ಕ್ಯಾಲಿಫೋರ್ನಿಯಾದ 58 ಕೌಂಟಿ, ಒಂದನ್ನೂ ಬಿಡದೆ ಸುತ್ತುವುದು ಹೇಗೆ?

ಅಮೆರಿಕದಲ್ಲಿ ಒಂದು ವಿಚಿತ್ರ ಹವ್ಯಾಸವಿದೆ: ಒಂದು ರಾಜ್ಯ ಹಿಡಿದು, ಅದರ ಅಷ್ಟೂ ಕೌಂಟಿಗಳಿಗೆ ಹೋಗಿಬರುವುದು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಅದಕ್ಕೊಂದು ಕೇಂದ್ರ ಊರು, ಅದು ಕೌಂಟಿ ಸೀಟ್; ಆ ಊರಲ್ಲೊಂದು ಕೋರ್ಟ್‌ಹೌಸ್. ಇಡೀ ದೇಶದಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚು. ಅಷ್ಟನ್ನೂ ಮುಗಿಸಿ ಕೂತವರಿದ್ದಾರೆ, ಅಂಥವರು ಸೇರಿಕೊಳ್ಳಲು ಎಕ್ಸ್‌ಟ್ರಾ ಮೈಲರ್ ಕ್ಲಬ್ ಎಂಬ ಸಂಘವೂ 1973ರಿಂದ ಇದೆ. ನಮಗೆ ಅಷ್ಟು ಹುಚ್ಚು ಬೇಡ, ಒಂದು ರಾಜ್ಯ ಸಾಕು. ಡೆಲಾವೇರ್‌ನಲ್ಲಿ ಇರುವುದೇ 3 ಕೌಂಟಿ, ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಆಟ ಮುಗಿಯಿತು. ಟೆಕ್ಸಸ್‌ನಲ್ಲಿ 254, ಅದು ಅರ್ಧ ಆಯುಷ್ಯದ ಕೆಲಸ. ಕ್ಯಾಲಿಫೋರ್ನಿಯಾದ 58 ಹದವಾದ ಸಂಖ್ಯೆ. ಸಿಲಿಕಾನ್ ವ್ಯಾಲಿಯಲ್ಲಿ ಕನ್ನಡದವರೂ ಬೇಕಾದಷ್ಟಿದ್ದಾರೆ, ವಾರಾಂತ್ಯ ಬಂದರೆ 'ಎಲ್ಲಿಗೆ ಹೋಗೋಣ' ಎಂದು ಫೋನ್ ತಿಕ್ಕುತ್ತಾ ಕೂರುವವರೂ ಕಡಿಮೆಯಿಲ್ಲ. ಆದ್ದರಿಂದ ಈ ಲೇಖನ ಅಲ್ಲಿನದೇ.

ಇಲ್ಲಿ ಸುತ್ತಾಟಕ್ಕೆ ಬರವಿಲ್ಲ. ಕರ್ನಾಟಕದ ಎರಡು ಪಟ್ಟಿಗಿಂತ ದೊಡ್ಡ ರಾಜ್ಯ. ಸ್ಯಾನ್ ಬರ್ನಾರ್ಡಿನೊ ಎಂಬ ಒಂದೇ ಕೌಂಟಿ ಸುಮಾರು 52,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು. ಲಾಸ್ ಏಂಜಲಿಸ್ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ ಒಂದು ಕೋಟಿ ಜನ. ಅದೇ ಜನಗಣತಿಯಲ್ಲಿ ಆಲ್ಪೈನ್ ಕೌಂಟಿಯಲ್ಲಿದ್ದವರು 1,204. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲೇ ಇದಕ್ಕಿಂತ ಹೆಚ್ಚು ಜನ ಸಿಕ್ಕಾರು. ಆದರೂ ಲೆಕ್ಕದಲ್ಲಿ ಎರಡಕ್ಕೂ ಸಿಗುವುದು ಒಂದೊಂದೇ ಅಂಕ.

ಮೊದಲು ನಿಯಮ ಬರೆದಿಟ್ಟುಕೊಳ್ಳಿ

ಹೋಗಿಬಂದದ್ದು ಎಂದರೆ ಏನು? ಹೊರಡುವ ಮುನ್ನವೇ ಇದನ್ನು ತೀರ್ಮಾನಿಸಬೇಕು, ಅರ್ಧ ದಾರಿಯಲ್ಲಿ ನಿಯಮ ಸಡಿಲಿಸಿದರೆ ಆಟಕ್ಕೆ ಬೆಲೆಯಿಲ್ಲ. ವಿಮಾನದಲ್ಲಿ ಮೇಲಿಂದ ಹಾರಿಹೋದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಮಾನ ಬದಲಿಸಲು ನಿಲ್ದಾಣದಲ್ಲಿ ಎರಡು ಗಂಟೆ ಕೂತದ್ದು ಸೇರುತ್ತದೋ ಇಲ್ಲವೋ ಎಂಬುದರ ಮೇಲೆ ಈ ಹವ್ಯಾಸದವರು ಗಂಟೆಗಟ್ಟಲೆ ವಾದ ಮಾಡಬಲ್ಲರು. ಕಾರಿನಲ್ಲೋ ರೈಲಿನಲ್ಲೋ ಗಡಿ ದಾಟಿದರೆ ಸಾಕು ಎನ್ನುವವರು ಬಹಳ. ಇಳಿದು ನೆಲ ಮೆಟ್ಟಲೇಬೇಕು ಎನ್ನುವವರೂ ಇದ್ದಾರೆ.

ನನ್ನ ಸಲಹೆ: ಎರಡು ಬಣ್ಣ ಇಟ್ಟುಕೊಳ್ಳಿ. ಸುಮ್ಮನೆ ಹಾದುಹೋದ ಕೌಂಟಿಗೆ ತಿಳಿ ಬಣ್ಣ. ಇಳಿದು, ಕೌಂಟಿ ಸೀಟ್‌ನಲ್ಲಿ ಒಂದಿಷ್ಟು ಓಡಾಡಿ, ಒಂದು ಕಾಫಿಯಾದರೂ ಕುಡಿದಿದ್ದರೆ ಗಾಢ ಬಣ್ಣ. ಆಟ ಮುಗಿಯುವುದು ಎಲ್ಲವೂ ಗಾಢವಾದಾಗ. ಹೈವೇಯಲ್ಲಿ ಎಪ್ಪತ್ತು ಮೈಲಿ ವೇಗದಲ್ಲಿ ದಾಟಿಹೋದ ಗ್ಲೆನ್ ಕೌಂಟಿಯನ್ನು 'ನೋಡಿದ್ದೇನೆ' ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಈಗಾಗಲೇ ಕೈಸೇರಿದ್ದನ್ನು ಎಣಿಸಿ

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಒಂದೆರಡು ವರ್ಷ ಇದ್ದವರ ಖಾತೆಯಲ್ಲಿ, ಗೊತ್ತಿಲ್ಲದೆಯೇ, ಹತ್ತಿರ ಹತ್ತಿರ ಅರ್ಧ ರಾಜ್ಯ ಸೇರಿರುತ್ತದೆ. ಲಿವರ್‌ಮೋರ್ ದೇವಸ್ಥಾನಕ್ಕೆ ಹೋದಿರಾ? ಅದು ಅಲಮೀಡಾ ಕೌಂಟಿ. ಸ್ಯಾನ್ ಹೋಸೆಯಿಂದ ಪಚೇಕೊ ಪಾಸ್ ಹತ್ತಿ ಇಂಟರ್‌ಸ್ಟೇಟ್ 5 ಹಿಡಿದು ಲಾಸ್ ಏಂಜಲಿಸ್‌ಗೆ ಹೋಗಿದ್ದರೆ ಮರ್ಸೆಡ್, ಫ್ರೆಸ್ನೊ, ಕಿಂಗ್ಸ್, ಕರ್ನ್ ನಾಲ್ಕೂ ದಾಟಿದ್ದೀರಿ. ಪೆಟ್ರೋಲ್ ಹಾಕಿಸಲು ನಿಂತ ಕೆಟಲ್‌ಮನ್ ಸಿಟಿ ಇರುವುದು ಕಿಂಗ್ಸ್ ಕೌಂಟಿಯಲ್ಲಿ. ಲೇಕ್ ಟಾಹೋಗೆ 680, 80, 50 ಹೆದ್ದಾರಿಗಳನ್ನು ಹಿಡಿದು ಹೋದವರಿಗೆ ಕಾಂಟ್ರಾ ಕೋಸ್ಟಾ, ಸೊಲಾನೊ, ಯೋಲೊ, ಸ್ಯಾಕ್ರಮೆಂಟೊ, ಎಲ್ ಡೊರಾಡೊ. ಯೊಸೆಮಿಟಿ ಕಣಿವೆ ಮರಿಪೋಸಾ ಕೌಂಟಿಯದು, ಡಿಸ್ನಿಲ್ಯಾಂಡ್ ಆರೆಂಜ್ ಕೌಂಟಿಯದು. ಮಾಂಟೆರೆಗೆ 101ರಲ್ಲಿ ಹೋಗುವವರು ಗಿಲ್ರಾಯ್ ದಾಟಿದ ಮೇಲೆ ಕೆಲವೇ ನಿಮಿಷ ಸ್ಯಾನ್ ಬೆನಿಟೊ ಕೌಂಟಿಯಲ್ಲಿರುತ್ತಾರೆ, ಬಹುಮಂದಿಗೆ ಆ ಹೆಸರೇ ಗೊತ್ತಿರುವುದಿಲ್ಲ.

ಎಣಿಸಲು ಮಾಬ್-ರೂಲ್ ಎಂಬ ಜಾಲತಾಣ ಈ ಹವ್ಯಾಸದವರಲ್ಲಿ ಬಲು ಪ್ರಸಿದ್ಧ, ಹೋದ ಕೌಂಟಿಗಳನ್ನು ಗುರುತು ಹಾಕಿದರೆ ನಕ್ಷೆಗೆ ಬಣ್ಣ ಬರುತ್ತದೆ. ಕಾಗದದ ನಕ್ಷೆ ಗೋಡೆಗೆ ಅಂಟಿಸಿದರೂ ಆದೀತು, ಮಕ್ಕಳಿರುವ ಮನೆಯಲ್ಲಿ ಅದೇ ವಾಸಿ. ಬಣ್ಣ ಹಾಕಿ ಮುಗಿದ ಮೇಲೆ ಬಿಳಿಯಾಗಿ ಉಳಿದದ್ದನ್ನು ನೋಡಿ: ಡೆಲ್ ನಾರ್ಟ್, ಟ್ರಿನಿಟಿ, ಮೋಡಾಕ್, ಲ್ಯಾಸೆನ್, ಪ್ಲೂಮಾಸ್, ಸಿಯೆರಾ, ಆಲ್ಪೈನ್, ಮೊನೊ, ಇನ್ಯೊ, ಇಂಪೀರಿಯಲ್... ಅಕಸ್ಮಾತ್ತಾಗಿ ಯಾರೂ ಹೋಗದ ಜಾಗಗಳಿವು. ಹವ್ಯಾಸ ಶುರುವಾಗುವುದೇ ಇಲ್ಲಿಂದ. ಹತ್ತಿರದ ಬಿಳಿ ಚೌಕಗಳನ್ನು ತುಂಬುವ ಆಸೆ ಬಿಟ್ಟು, ಯೋಜನೆಯನ್ನೆಲ್ಲ ಈ ದೂರದವುಗಳ ಸುತ್ತ ಕಟ್ಟಿ. ಹತ್ತಿರದವು ಹೇಗಿದ್ದರೂ ಹೋಗುವ ಬರುವ ದಾರಿಯಲ್ಲಿ ಸಿಕ್ಕೇ ಸಿಗುತ್ತವೆ.

ಹೆಸರು ನಂಬಿ ಹೊರಡಬೇಡಿ

ಕ್ಯಾಲಿಫೋರ್ನಿಯಾದ ಕೌಂಟಿಗಳ ಹೆಸರಿಟ್ಟವರು ಮುಂದೆ ಬರುವ ಪ್ರವಾಸಿಗರ ಮೇಲೆ ಹಗೆ ಸಾಧಿಸಿದಂತಿದೆ. ಮೌಂಟ್ ಶಾಸ್ತಾ ಪರ್ವತ ಶಾಸ್ತಾ ಕೌಂಟಿಯಲ್ಲಿಲ್ಲ, ಅದು ಸಿಸ್ಕಿಯೂ ಕೌಂಟಿಯಲ್ಲಿದೆ. ಹಾಗಾದರೆ ಶಾಸ್ತಾ ಕೌಂಟಿಯಲ್ಲಿರುವ ದೊಡ್ಡ ಬೆಟ್ಟ ಯಾವುದು? 1915ರಲ್ಲಿ ಭಾರೀ ಸ್ಫೋಟವಾದ ಜ್ವಾಲಾಮುಖಿ, ಲ್ಯಾಸೆನ್ ಪೀಕ್. ಲ್ಯಾಸೆನ್ ಪೀಕ್ ಹತ್ತಿ ಇಳಿದು 'ಲ್ಯಾಸೆನ್ ಕೌಂಟಿ ಆಯಿತು' ಎಂದು ಬಣ್ಣ ಹಚ್ಚಿದರೆ ತಪ್ಪು. ಆ ಕೌಂಟಿ ಇನ್ನೂ ಪೂರ್ವಕ್ಕಿದೆ, ಅದರ ಸೀಟ್ ಸೂಸನ್‌ವಿಲ್.

ಯೂಬಾ ಸಿಟಿ ಯೂಬಾ ಕೌಂಟಿಯದಲ್ಲ, ಪಕ್ಕದ ಸಟರ್ ಕೌಂಟಿಯ ಕೇಂದ್ರ. ಯೂಬಾ ಕೌಂಟಿಯ ಕೇಂದ್ರ ನದಿಯಾಚೆಯ ಮೇರಿಸ್‌ವಿಲ್. ಪ್ಲಾಸರ್‌ವಿಲ್ ಪ್ಲಾಸರ್ ಕೌಂಟಿಯಲ್ಲಿರಬೇಕು ಎಂದುಕೊಂಡಿರಾ? ಅದು ಎಲ್ ಡೊರಾಡೊ ಕೌಂಟಿಯ ಕೇಂದ್ರ. ಪ್ಲಾಸರ್ ಕೌಂಟಿಯದು ಆಬರ್ನ್. ನೆವಾಡಾ ಕೌಂಟಿ ನೆವಾಡಾ ರಾಜ್ಯದಲ್ಲಿಲ್ಲ, ಕ್ಯಾಲಿಫೋರ್ನಿಯಾದಲ್ಲಿದೆ. ಸೊನೋಮಾ ಒಂದು ಕೌಂಟಿ, ಸೊನೋರಾ ಇನ್ನೊಂದು ಕೌಂಟಿಯಾದ ಟುವಾಲಮಿಯ ಕೇಂದ್ರ.

ಆದ್ದರಿಂದ ಜಿಪಿಎಸ್‌ಗೆ ಕೌಂಟಿಯ ಹೆಸರು ಕೊಡಬೇಡಿ, ಕೌಂಟಿ ಸೀಟ್‌ನ ಹೆಸರನ್ನು ರಾಜ್ಯದ ಹೆಸರಿನ ಜೊತೆ ಕೊಡಿ. ಆರೆಂಜ್ ಕೌಂಟಿ ಫ್ಲಾರಿಡಾದಲ್ಲೂ ಇದೆ, ನ್ಯೂಯಾರ್ಕ್‌ನಲ್ಲೂ ಇದೆ. ಲೇಕ್ ಕೌಂಟಿ ಎಂದರೆ ಇಲಿನಾಯ್ಸ್‌ಗೆ ದಾರಿ ತೋರಿಸಿದರೂ ಆಶ್ಚರ್ಯವಿಲ್ಲ. ಲೇಕ್‌ಪೋರ್ಟ್ ಎಂದರೆ ಕ್ಲಿಯರ್ ಲೇಕ್‌ನ ದಂಡೆಗೆ ಸರಿಯಾಗಿ ತಲುಪುತ್ತೀರಿ.

ಊರು ಹಿಡಿದು ಯೋಚಿಸಬೇಡಿ, ರಸ್ತೆ ಹಿಡಿದು ಯೋಚಿಸಿ

ಮಾಮೂಲಿ ಪ್ರವಾಸದಲ್ಲಿ ಜಾಗ ಮೊದಲು, ದಾರಿ ಆಮೇಲೆ. ಇಲ್ಲಿ ತಿರುಗುಮುರುಗು. ಯಾವ ರಸ್ತೆ ಎಷ್ಟು ಕೌಂಟಿ ದಾಟುತ್ತದೆ ಎಂಬುದೇ ಮುಖ್ಯ. ಹೋದ ದಾರಿಯಲ್ಲೇ ವಾಪಸು ಬಂದರೆ ಅರ್ಧ ಪೆಟ್ರೋಲ್ ದಂಡ. ಯಾವಾಗಲೂ ಬಳಸು ದಾರಿ ಹಾಕಿ.

ಅಭ್ಯಾಸಕ್ಕೆ ಒಂದು ದಿನದ ಸುತ್ತು: ಸ್ಯಾನ್ ಹೋಸೆಯಿಂದ 101ರಲ್ಲಿ ಸ್ಯಾನ್ ಮಟಿಯೊ, ಸ್ಯಾನ್ ಫ್ರಾನ್ಸಿಸ್ಕೊ, ಗೋಲ್ಡನ್ ಗೇಟ್ ದಾಟಿ ಮರಿನ್, 37 ಮತ್ತು 121 ಹಿಡಿದು ಸೊನೋಮಾ, ನಾಪಾ, 29ರಲ್ಲಿ ಇಳಿದು ಸೊಲಾನೊದ ವಲ್ಲೇಹೊ, ಕಾರ್ಕೀನೆಸ್ ಸೇತುವೆ ದಾಟಿ ಕಾಂಟ್ರಾ ಕೋಸ್ಟಾ, ಅಲಮೀಡಾ, ಮತ್ತೆ ಮನೆ. ಬೇ ಏರಿಯಾದ ಒಂಬತ್ತೂ ಕೌಂಟಿ ಒಂದೇ ದಿನದಲ್ಲಿ. ತಿಳಿ ಬಣ್ಣಕ್ಕಷ್ಟೇ, ಆದರೆ ಗಡಿ ಗುರುತಿಸುವ ಕಣ್ಣು ಪಳಗುತ್ತದೆ.

ನಿಜವಾದ ಬೇಟೆಗೆ ಮೊದಲ ಹೆಸರು ಹೈವೇ 49. ಮಡೇರಾ ಕೌಂಟಿಯ ಓಕ್‌ಹರ್ಸ್ಟ್‌ನಿಂದ ಶುರುವಾಗಿ ಮರಿಪೋಸಾ, ಟುವಾಲಮಿ, ಕಲವೇರಸ್, ಅಮಡೋರ್, ಎಲ್ ಡೊರಾಡೊ, ಪ್ಲಾಸರ್, ನೆವಾಡಾ, ಯೂಬಾ, ಸಿಯೆರಾ ದಾಟಿ ಪ್ಲೂಮಾಸ್‌ನಲ್ಲಿ ಮುಗಿಯುತ್ತದೆ. ಒಂದೇ ರಸ್ತೆ, ಹನ್ನೊಂದು ಕೌಂಟಿ. ಚಿನ್ನದ ಬೆನ್ನು ಹತ್ತಿ 1849ರಲ್ಲಿ ನುಗ್ಗಿಬಂದವರ ನೆನಪಿಗೆ ಆ ಸಂಖ್ಯೆ. ಮರಿಪೋಸಾದಲ್ಲಿ 1854ರಲ್ಲಿ ಮರದಿಂದ ಕಟ್ಟಿದ ಬಿಳಿ ಕೋರ್ಟ್‌ಹೌಸ್ ಇಂದಿಗೂ ಬಳಕೆಯಲ್ಲಿದೆ, ಅಲ್ಲಿ ಅರ್ಧ ಗಂಟೆ ಕೊಡಿ. ಎಲ್ ಡೊರಾಡೊದ ಕೊಲೋಮಾದಲ್ಲಿ 1848ರ ಜನವರಿಯಲ್ಲಿ ಜೇಮ್ಸ್ ಮಾರ್ಷಲ್‌ಗೆ ನದಿಯಲ್ಲಿ ಚಿನ್ನ ಕಂಡದ್ದು. ಸಿಯೆರಾ ಕೌಂಟಿಯ ಡೌನಿವಿಲ್‌ನಲ್ಲಿ ಕೋರ್ಟ್‌ಹೌಸ್ ಪಕ್ಕದಲ್ಲೇ 1885ರ ಗಲ್ಲುಗಂಬ ನಿಂತಿದೆ. ಅದನ್ನು ಬಳಸಿದ್ದು ಒಂದೇ ಬಾರಿ. ಈ ರಸ್ತೆಗೆ ಮೂರು ದಿನ ಇಟ್ಟುಕೊಳ್ಳಿ. ಎರಡೇ ದಿನದಲ್ಲಿ ಮುಗಿಸಿದವರು ಸ್ಟೀರಿಂಗ್ ತಿರುಗಿಸಿದ್ದು ಬಿಟ್ಟು ಬೇರೇನೂ ನೆನಪಿಟ್ಟುಕೊಂಡಿರುವುದಿಲ್ಲ, ಅಷ್ಟು ತಿರುವು.

ಎರಡನೆಯದು ಈಶಾನ್ಯದ ಸುತ್ತು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಸ್ಯಾಕ್ರಮೆಂಟೊದಿಂದ ಇಂಟರ್‌ಸ್ಟೇಟ್ 5ರಲ್ಲಿ ಉತ್ತರಕ್ಕೆ ಹೋದರೆ ಯೋಲೊ, ಕೊಲೂಸಾ, ಗ್ಲೆನ್, ಟೆಹಾಮಾ, ಶಾಸ್ತಾ, ಸಿಸ್ಕಿಯೂ ಸಾಲಾಗಿ ಬರುತ್ತವೆ. ಮೌಂಟ್ ಶಾಸ್ತಾ ಬಳಿ 89ಕ್ಕೆ ಹೊರಳಿ, ಆಮೇಲೆ 299 ಹಿಡಿದರೆ ಮೋಡಾಕ್ ಕೌಂಟಿಯ ಆಲ್ಟುರಾಸ್. ಒರೆಗಾನ್, ನೆವಾಡಾ ಎರಡಕ್ಕೂ ತಾಗಿದ ಮೂಲೆ ಅದು. ಅಲ್ಲಿಂದ 395ರಲ್ಲಿ ದಕ್ಷಿಣಕ್ಕೆ ಸೂಸನ್‌ವಿಲ್, 36 ಮತ್ತು 89ರಲ್ಲಿ ಪ್ಲೂಮಾಸ್‌ನ ಕ್ವಿನ್ಸಿ. ನಡುವೆ ಗ್ರೀನ್‌ವಿಲ್ ಸಿಗುತ್ತದೆ. 2021ರ ಡಿಕ್ಸಿ ಕಾಡ್ಗಿಚ್ಚು ಆ ಊರಿನ ಪೇಟೆಯನ್ನು ಸುಟ್ಟುಹಾಕಿತು. ಕ್ವಿನ್ಸಿಯಿಂದ 70ರಲ್ಲಿ ಫೆದರ್ ನದಿಯ ಕಣಿವೆ ಇಳಿದು ಬ್ಯೂಟ್ ಕೌಂಟಿಯ ಓರೊವಿಲ್, ಕೊನೆಗೆ ಮೇರಿಸ್‌ವಿಲ್, ಯೂಬಾ ಸಿಟಿ. ಯೂಬಾ ಸಿಟಿಯಲ್ಲಿ ಪಂಜಾಬಿ ಕೃಷಿಕರು ತಲೆಮಾರುಗಳಿಂದ ನೆಲೆಸಿದ್ದಾರೆ. ನವೆಂಬರ್ ಆರಂಭದ ನಗರ ಕೀರ್ತನೆ ಎಂಬ ಸಿಖ್ ಮೆರವಣಿಗೆಗೆ ಜನಸಾಗರವೇ ಸೇರುತ್ತದೆ, ಲಂಗರ್ ಊಟವೂ ಉಂಟು. ನಾಲ್ಕು ದಿನ ರಜೆ ಸಿಕ್ಕರೆ ಇದನ್ನೇ ಮಾಡಿ.

ಮೂರನೆಯದು ಪೂರ್ವದ ಗೋಡೆ. ಯೊಸೆಮಿಟಿಯಿಂದ ಟಯೋಗ ಪಾಸ್ ಹತ್ತಿ ಆಚೆ ಇಳಿದರೆ ಮೊನೊ ಕೌಂಟಿಯ ಲೀ ವೈನಿಂಗ್. ದಕ್ಷಿಣಕ್ಕೆ ಬಿಷಪ್, ಇಂಡಿಪೆಂಡೆನ್ಸ್: ಇನ್ಯೊ ಕೌಂಟಿ. ಅಲಾಸ್ಕಾ ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರ ಮೌಂಟ್ ವಿಟ್ನಿ (14,505 ಅಡಿ), ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿರುವ ಬ್ಯಾಡ್‌ವಾಟರ್, ಎರಡೂ ಈ ಒಂದೇ ಕೌಂಟಿಯವು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಮ್ಯಾಂಜನಾರ್ ಶಿಬಿರವೂ ಇಲ್ಲೇ 395ರ ಪಕ್ಕದಲ್ಲಿದೆ, ಅದನ್ನು ದಾಟಿ ಹೋಗಿಬಿಡಬೇಡಿ. ವಾಪಸು ಉತ್ತರಕ್ಕೆ ಬ್ರಿಡ್ಜ್‌ಪೋರ್ಟ್, ಅಲ್ಲಿಂದ ಮುಂದೆ 89ರಲ್ಲಿ ಮಾನಿಟರ್ ಪಾಸ್ ಏರಿ ಆಲ್ಪೈನ್‌ನ ಮಾರ್ಕ್ಲೀವಿಲ್, 88ರಲ್ಲಿ ಅಮಡೋರ್, ಮನೆ.

ಉಳಿದವು ಸುಲಭ. ಉತ್ತರ ಕರಾವಳಿಗೆ 101ರಲ್ಲಿ ಮೆಂಡೊಸಿನೊ, ಹಂಬೋಲ್ಟ್, ಡೆಲ್ ನಾರ್ಟ್‌ವರೆಗೆ ಹೋಗಿ, ಮರಳುವಾಗ ಆರ್ಕೇಟಾದಿಂದ 299ರಲ್ಲಿ ಟ್ರಿನಿಟಿ ಹೊಕ್ಕು ಬನ್ನಿ. ವೀವರ್‌ವಿಲ್‌ನಲ್ಲಿ 1874ರ ಚೀನೀ ದೇವಾಲಯ ನೋಡಿ. ಲೇಕ್ ಕೌಂಟಿಗೆ ಹೈವೇ 20. ಟುಲೇರಿಗೆ ಸೆಕ್ವಾಯಾ ಮರಗಳ ನೆಪ. ಸ್ಯಾನ್ ಲೂಯಿಸ್ ಒಬಿಸ್ಪೊ, ಸಾಂತಾ ಬಾರ್ಬರಾ, ವೆಂಚೂರಾ ಮೂರೂ ದಕ್ಷಿಣದ 101ರಲ್ಲೇ ಸಿಗುತ್ತವೆ. ಸ್ಯಾನ್ ಡಿಯೇಗೊದಿಂದ ಇಂಟರ್‌ಸ್ಟೇಟ್ 8ರಲ್ಲಿ ಇಂಪೀರಿಯಲ್, ಸಾಲ್ಟನ್ ಸರೋವರದ ಪಕ್ಕದಲ್ಲಿ ಮೇಲೆ ಬಂದು ರಿವರ್‌ಸೈಡ್, ಸ್ಯಾನ್ ಬರ್ನಾರ್ಡಿನೊ. ಇಂಪೀರಿಯಲ್ ಹುಟ್ಟಿದ್ದು 1907ರಲ್ಲಿ, 58ರಲ್ಲಿ ಕೊನೆಯದು. 1956ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದವರಾದ ದಲೀಪ್ ಸಿಂಗ್ ಸೌಂದ್ ಬೇಸಾಯ ಮಾಡಿದ್ದು ಇಲ್ಲಿನ ಇಂಪೀರಿಯಲ್ ಕಣಿವೆಯಲ್ಲಿ.

ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಟಯೋಗ, ಸೊನೋರಾ, ಎಬೆಟ್ಸ್, ಮಾನಿಟರ್: ಈ ನಾಲ್ಕು ಘಾಟಿಗಳು ಚಳಿಗಾಲಕ್ಕೆ ಮುಚ್ಚುತ್ತವೆ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಬಾಗಿಲು ಹಾಕಿದರೆ ತೆರೆಯುವುದು ಮೇ ಕೊನೆಗೋ ಜೂನ್‌ಗೋ, ಹಿಮ ಜಾಸ್ತಿ ಬಿದ್ದ ವರ್ಷ ಇನ್ನೂ ತಡ. ಆದರೆ ಆಲ್ಪೈನ್‌ಗೆ ಚಳಿಗಾಲದಲ್ಲೂ ದಾರಿಯಿದೆ, 88ರ ಕಾರ್ಸನ್ ಪಾಸ್ ಬಹುತೇಕ ತೆರೆದೇ ಇರುತ್ತದೆ. ಹಿಮಗಾಲದಲ್ಲಿ ಬೆಟ್ಟ ಹತ್ತುವುದಾದರೆ ಕಾರಿನಲ್ಲಿ ಟೈರಿಗೆ ಸುತ್ತುವ ಚೈನ್ ಇರಲೇಬೇಕು, ಫೋರ್ ವೀಲ್ ಡ್ರೈವ್ ಇದೆ ಎಂದು ಅದನ್ನು ಮನೆಯಲ್ಲಿ ಬಿಡುವಂತಿಲ್ಲ. ಎಬೆಟ್ಸ್ ಪಾಸ್ ಬೇಸಿಗೆಯಲ್ಲೂ ಹುಷಾರು: ಮೇಲೆ ಹೋದಂತೆ ನಡುಗೆರೆಯೂ ಇಲ್ಲದಷ್ಟು ಕಿರಿದು. ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗುವ ದಾರಿ ಅದಲ್ಲ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಉತ್ತರದಲ್ಲಿ ಕಾಡ್ಗಿಚ್ಚು, ಹೊಗೆ. ಜುಲೈನಲ್ಲಿ ಡೆತ್ ವ್ಯಾಲಿ, ಇಂಪೀರಿಯಲ್ ಎರಡೂ ಬೇಡ. ಹೀಗೆ ಕಳೆಯುತ್ತಾ ಬಂದರೆ ಲೆಕ್ಕ ತಾನಾಗಿ ಕೂಡುತ್ತದೆ: ಮರುಭೂಮಿ ಡಿಸೆಂಬರ್‌ನಿಂದ ಮಾರ್ಚ್, ಹೈವೇ 49 ಏಪ್ರಿಲ್-ಮೇ, ಈಶಾನ್ಯ ಜೂನ್, ಪೂರ್ವದ ಗೋಡೆ ಜುಲೈ ಅಥವಾ ಸೆಪ್ಟೆಂಬರ್. ಹೊರಡುವ ಬೆಳಿಗ್ಗೆ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ರಸ್ತೆ ಸ್ಥಿತಿ ತೋರಿಸುವ ನಕ್ಷೆ ಕ್ವಿಕ್‌ಮ್ಯಾಪ್ ನೋಡದೆ ಕಾರಿನ ಬೀಗ ತೆಗೆಯಬೇಡಿ. ಫೆದರ್ ನದಿ ಕಣಿವೆಯಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುವುದು ಹೊಸದೇನಲ್ಲ.

ಗಡಿ ದಾಟಿದ್ದು ಗೊತ್ತಾಗುವುದು ಹೇಗೆ?

ದೊಡ್ಡ ರಸ್ತೆಗಳಲ್ಲಿ ಕೌಂಟಿ ಹೆಸರಿನ ಹಸಿರು ಫಲಕ ಇರುತ್ತದೆ. ಅದು ತಪ್ಪಿಹೋದರೂ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಸಾಕ್ಷಿಯಿದೆ, ಬೇರೆ ರಾಜ್ಯಗಳವರು ಹೊಟ್ಟೆಕಿಚ್ಚು ಪಡಬೇಕಾದದ್ದು. ರಾಜ್ಯ ಹೆದ್ದಾರಿಯ ಅಂಚಿನಲ್ಲಿ, ಮೊಣಕಾಲಿನಿಂದ ಸೊಂಟದೆತ್ತರದಲ್ಲಿ, ಉದ್ದನೆಯ ಬಿಳಿ ಪಟ್ಟಿಯೊಂದು ನೆಟ್ಟಿರುತ್ತಾರೆ. ಮೇಲೆ ರಸ್ತೆಯ ಸಂಖ್ಯೆ, ಅದರಡಿ ಕೌಂಟಿಯ ಎರಡು ಮೂರು ಅಕ್ಷರ, ಕೆಳಗೆ ಮೈಲಿ ಲೆಕ್ಕ. ಇದೇ ಪೋಸ್ಟ್‌ಮೈಲ್. ಆ ಮೈಲಿ ಲೆಕ್ಕ ರಾಜ್ಯದ ಗಡಿಯಿಂದ ಅಲ್ಲ, ಕೌಂಟಿಯ ದಕ್ಷಿಣ ಅಥವಾ ಪಶ್ಚಿಮ ಗಡಿಯಿಂದ ಸೊನ್ನೆಯಾಗಿ ಶುರುವಾಗುತ್ತದೆ. ಉತ್ತರಕ್ಕೆ ಹೋಗುತ್ತಾ ಅಂಕಿ ದೊಡ್ಡದಾಗುತ್ತಾ ಬಂದು ಇದ್ದಕ್ಕಿದ್ದಂತೆ ಸೊನ್ನೆಯ ಹತ್ತಿರಕ್ಕೆ ಬಿತ್ತೆಂದರೆ ಹೊಸ ಕೌಂಟಿ. ಆಲ್ಪೈನ್‌ಗೆ ಎಎಲ್‌ಪಿ, ಇನ್ಯೊಗೆ ಐಎನ್‌ವೈ, ಸಾಂತಾ ಕ್ಲಾರಾಗೆ ಎಸ್‌ಸಿಎಲ್. ಎಸ್‌ಬಿ ಸಾಂತಾ ಬಾರ್ಬರಾ, ಎಸ್‌ಬಿಡಿ ಸ್ಯಾನ್ ಬರ್ನಾರ್ಡಿನೊ, ಎಸ್‌ಬಿಟಿ ಸ್ಯಾನ್ ಬೆನಿಟೊ, ಗಲಿಬಿಲಿ ಮಾಡಿಕೊಳ್ಳಬೇಡಿ. ಸುರಕ್ಷಿತವಾಗಿ ನಿಲ್ಲಿಸಲು ಜಾಗ ಸಿಕ್ಕಿದಲ್ಲಿ ಈ ಪಟ್ಟಿಯ ಫೋಟೊ ತೆಗೆಯಿರಿ: ರಸ್ತೆ, ಕೌಂಟಿ, ಜಾಗ ಮೂರೂ ಒಂದೇ ಚಿತ್ರದಲ್ಲಿ ಬರುತ್ತವೆ, ತಾರೀಖು ಫೋನಿನಲ್ಲೇ ಇರುತ್ತದೆ.

ದಾಖಲೆಗೆ ಒಂದು ಸರಳ ಎಕ್ಸೆಲ್ ಹಾಳೆ ಸಾಕು: ಕೌಂಟಿ, ತಾರೀಖು, ಬಂದ ರಸ್ತೆ, ಸೀಟ್‌ಗೆ ಹೋದೆವೋ ಇಲ್ಲವೋ, ಜೊತೆಗಿದ್ದವರು, ಒಂದು ಸಾಲು ಟಿಪ್ಪಣಿ. ಟಿಪ್ಪಣಿಯನ್ನು ಅದೇ ರಾತ್ರಿ ಬರೆಯಿರಿ. ಒಂದು ವಾರ ಕಳೆದರೆ ಕೊಲೂಸಾ ಯಾವುದು, ಗ್ಲೆನ್‌ನ ಸೀಟ್ ವಿಲೋಸ್ ಯಾವುದು ಎಂದು ತಲೆ ಕೆರೆದುಕೊಳ್ಳುತ್ತೀರಿ.

ಊಟ, ಪೆಟ್ರೋಲ್, ಕರಿಬೇವು

ಈಶಾನ್ಯದಲ್ಲಿ, 395ರಲ್ಲಿ ಟ್ಯಾಂಕ್ ಅರ್ಧಕ್ಕಿಳಿದ ಕೂಡಲೇ ತುಂಬಿಸಿ. ಎಲೆಕ್ಟ್ರಿಕ್ ಕಾರಿನವರು ಮೋಡಾಕ್‌ಗೆ ಹೊರಡುವ ಮೊದಲು ಚಾರ್ಜಿಂಗ್ ಜಾಗಗಳನ್ನು ಎರಡೆರಡು ಸಲ ನೋಡಿಕೊಳ್ಳಿ. ಫೋನ್ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಸಸ್ಯಾಹಾರಿಗಳಿಗೆ ಸಣ್ಣ ಊರಿನ ಡೈನರ್‌ನಲ್ಲಿ ಸಿಗುವುದು ಗ್ರಿಲ್ಡ್ ಚೀಸ್, ಆಲೂಗಡ್ಡೆ, ಅದೃಷ್ಟವಿದ್ದರೆ ಬೀನ್ ಬರಿಟೊ. ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಿ. ರಾಜ್ಯದ ನಡುವಿನ ಕಣಿವೆಯ ಹೆದ್ದಾರಿಗಳಲ್ಲಿ ಪಂಜಾಬಿ ಟ್ರಕ್ ಚಾಲಕರನ್ನು ನಂಬಿಕೊಂಡ ಢಾಬಾಗಳಿವೆ, ಬಿಸಿ ಪರಾಠ ಸಿಗುತ್ತದೆ. ಬೆಟ್ಟದ ಕಡೆ ಮಾತ್ರ ಗೊಜ್ಜವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರನ್ನವೇ ಗತಿ.

ಒಂದು ಎಚ್ಚರಿಕೆ. 395ರ ಸುತ್ತಿನಲ್ಲಿ ನೆವಾಡಾ ಹೊಕ್ಕು ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಬರುವಾಗ ಕೃಷಿ ತಪಾಸಣೆಯ ಠಾಣೆ ಸಿಗುತ್ತದೆ, ಹಣ್ಣು ಗಿಡ ಏನಾದರೂ ಇದೆಯೇ ಎಂದು ಕೇಳುತ್ತಾರೆ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಒಂದು ಪುಟ್ಟ ಕೀಟಕ್ಕೆ ಕರಿಬೇವೆಂದರೂ ಪ್ರಾಣ. ಹಾಗಾಗಿ ಹಸಿ ಕರಿಬೇವಿನ ಮೇಲೆ ಕಟ್ಟುನಿಟ್ಟುಂಟು. ಒಗ್ಗರಣೆಯಲ್ಲಿ ಹುರಿದು ಅವಲಕ್ಕಿಗೆ ಬೆರೆತದ್ದಕ್ಕೆ ಯಾರ ತಕರಾರೂ ಇಲ್ಲ. ನೆಂಟರು ಕೊಟ್ಟ ಗಿಡವನ್ನೋ ಹಸಿ ಎಲೆಯ ಕಂತೆಯನ್ನೋ ಡಿಕ್ಕಿಯಲ್ಲಿಟ್ಟುಕೊಂಡು ಓಡಾಡಬೇಡಿ.

ಕೊನೆಯದು ಯಾವುದಿರಲಿ?

58ನೆಯದನ್ನು ಮೊದಲೇ ಆರಿಸಿ ಎತ್ತಿಡಿ, ದಾರಿಯಲ್ಲಿ ಸಿಕ್ಕರೂ ಮುಟ್ಟಬೇಡಿ. ಹಿಮಕ್ಕೂ ಬೆಂಕಿಗೂ ಮುಚ್ಚದ, ಸ್ನೇಹಿತರು ಒಂದು ದಿನದಲ್ಲಿ ಬಂದುಹೋಗಬಹುದಾದ ಜಾಗವಿರಲಿ. ಆಲ್ಪೈನ್ ಕೊನೆಗಿದ್ದರೆ ಚೆಂದ ಎಂದು ಎಲ್ಲರಿಗೂ ಅನಿಸುತ್ತದೆ, ಆದರೆ ಬಿರುಗಾಳಿಗೆ 88 ಒಂದು ದಿನ ಮುಚ್ಚಿದರೂ ಎಲ್ಲರ ರಜೆ ದಂಡ. ನನ್ನನ್ನು ಕೇಳಿದರೆ ಲೇಕ್ ಅಥವಾ ಅಮಡೋರ್.

ಇದಾದ ಮೇಲೂ ಚಪಲ ಉಳಿದಿದ್ದರೆ ಪಕ್ಕದ ನೆವಾಡಾ ನೋಡಿ: 16 ಕೌಂಟಿ, ಜೊತೆಗೆ ಕೌಂಟಿಗೆ ಸಮನೆಂದು ಎಣಿಸುವ ಕಾರ್ಸನ್ ಸಿಟಿ. ಬ್ರಿಡ್ಜ್‌ಪೋರ್ಟ್‌ನಿಂದ 395ರಲ್ಲೇ ರೀನೊವರೆಗೆ ಹೋಗಿದ್ದರೆ ಡಗ್ಲಸ್, ಕಾರ್ಸನ್ ಸಿಟಿ, ವಾಶೊ ಮೂರೂ ಆಗಲೇ ನಿಮ್ಮ ಖಾತೆಯಲ್ಲಿವೆ.